ಹೂಮಳೆ, ಹರಕೆ ಮತ್ತು ಮನಸ್ಸು

ಫೆಬ್ರುವರಿ ಮುಗಿಯುತ್ತ ಬಂತೆಂದರೆ ಸಕಲೇಶಪುರ, ಆಲೂರು ಕಡೆಯ ಕಾಫಿ ಬೆಳೆಗಾರರಿಗೆ ಒಂದೇ ಚಿಂತೆ: ಹೂಮಳೆ. ಗಿಡದ ಗಿಣ್ಣು ಗಿಣ್ಣಿನಲ್ಲೂ ಮೊಗ್ಗು ಕಟ್ಟಿ ಕೂತಿರುತ್ತದೆ. ಹದವಾಗಿ ಒಂದು ಇಂಚಿನಷ್ಟು ಮಳೆ ಬಿದ್ದರೆ ಎಂಟು ಹತ್ತು ದಿನಗಳಲ್ಲಿ ತೋಟಕ್ಕೆ ತೋಟವೇ ಬೆಳ್ಳಗೆ ಅರಳುತ್ತದೆ. ಹತ್ತಿಪ್ಪತ್ತು ಸೆಂಟ್ಸ್ (ಒಂದು ಸೆಂಟ್ ಎಂದರೆ ಇಂಚಿನ ನೂರರಲ್ಲೊಂದು ಪಾಲು) ಉದುರಿ ನಿಂತುಬಿಟ್ಟರೆ ಮೊಗ್ಗು ಅರೆಬರೆ ಬಿರಿದು ಕೆಡುತ್ತದೆ. ಅರಳಿದ ದಿನವೇ ಜೋರಾಗಿ ಸುರಿದರೂ ನಷ್ಟ. ಹೂವಾದ ಮೇಲೆ ಎರಡು ಮೂರು ವಾರದೊಳಗೆ ಇನ್ನೊಂದು ಮಳೆ, ತೋಟದವರ ಮಾತಿನಲ್ಲಿ ಬ್ಯಾಕಿಂಗ್, ಸಿಗದಿದ್ದರೆ ಕಾಯಿ ಸರಿಯಾಗಿ ಕಚ್ಚುವುದಿಲ್ಲ. ಅಂಗಳದಲ್ಲಿ ಮಳೆಮಾಪಕ, ಮೇಜಿನ ಮೇಲೆ ಹಳೆಯ ವರ್ಷಗಳ ಮಳೆ ಲೆಕ್ಕದ ಡೈರಿ, ಮೊಬೈಲಿನಲ್ಲಿ ಹವಾಮಾನದ ಆ್ಯಪ್, ಇವೆಲ್ಲ ಇರುವ ಮನೆಯವರೇ ಊರ ದೇವರಿಗೆ ಹರಕೆಯನ್ನೂ ಹೊರುತ್ತಾರೆ.

ಇಂಚು ಸೆಂಟ್ಸ್‌ಗಳಲ್ಲಿ ಮಳೆಯನ್ನು ಅಳೆಯುವ ಮನಸ್ಸು ಹರಕೆಯನ್ನೂ ಹೊರುವುದು ಹೇಗೆ? ಒಂದೇ ತಲೆಯೊಳಗೆ ಇವೆರಡೂ ಜಗಳವಿಲ್ಲದೆ ಇರುವುದು ಹೇಗೆ? ನೂರು ವರ್ಷಕ್ಕೂ ಹೆಚ್ಚು ಕಾಲದಿಂದ ತತ್ತ್ವಶಾಸ್ತ್ರ, ಮಾನವಶಾಸ್ತ್ರ, ಮನೋವಿಜ್ಞಾನ ಮೂರೂ ಈ ಪ್ರಶ್ನೆಯನ್ನು ಕೆದಕುತ್ತ ಬಂದಿವೆ. ‘ಅಜ್ಞಾನ, ಮೌಢ್ಯ’ ಎಂಬ ಉತ್ತರ ಎಲ್ಲರಿಗೂ ಗೊತ್ತು. ಆ ಉತ್ತರ ಸಾಲದು ಎಂಬುದನ್ನೂ, ಸಾಲದೆಂದ ಮಾತ್ರಕ್ಕೆ ಎಲ್ಲ ನಂಬಿಕೆಯನ್ನೂ ಒಪ್ಪಬೇಕಾಗಿಲ್ಲ ಎಂಬುದನ್ನೂ ಇಲ್ಲಿ ಹೇಳಬೇಕಾಗಿದೆ.

ಮೊದಲು ವಿಷಯದ ಗಡಿ ಗುರುತಿಸಿಕೊಳ್ಳೋಣ. ಒಂದು ಮಾತು, ಒಂದು ವಸ್ತು ಅಥವಾ ಒಂದು ಕ್ರಿಯೆ, ನಡುವೆ ಕಣ್ಣಿಗೆ ಕಾಣುವ ಯಾವ ಕೊಂಡಿಯೂ ಇಲ್ಲದೆ, ಇನ್ನೆಲ್ಲೋ ಇರುವ ಇನ್ನೊಂದರ ಮೇಲೆ ಪರಿಣಾಮ ಮಾಡುತ್ತದೆ ಎಂಬ ನಂಬಿಕೆಯೇ ಮಾಂತ್ರಿಕ ನಂಬಿಕೆ. ದೃಷ್ಟಿ ತಾಗುವುದು, ತಾಯಿತ ಕಾಯುವುದು, ಲಾರಿಯ ಚಕ್ರದಡಿ ನಿಂಬೆಹಣ್ಣಿಟ್ಟು ಶಿರಾಡಿ ಘಾಟಿ ಇಳಿಯುವುದು, ಮಾಟ, ಕೈಮದ್ದು, ಮಳೆ ಬರಲೆಂದು ಹೊರುವ ಹರಕೆ ಎಲ್ಲವೂ ಇದರೊಳಗೆ ಬರುತ್ತವೆ. ದೇವರಲ್ಲಿ ಭಕ್ತಿ ಇಡುವುದು ಬೇರೆಯೇ ವಿಚಾರ; ಎರಡೂ ಒಂದೇ ಅಂಗಳದಲ್ಲಿ ಓಡಾಡುತ್ತವೆಯಾದರೂ ಇಲ್ಲಿನ ಚರ್ಚೆ ಮಾಂತ್ರಿಕ ನಂಬಿಕೆಯ ಬಗ್ಗೆ ಮಾತ್ರ.

ಹೋಲಿಕೆ ಮತ್ತು ಸೋಂಕು

ಬ್ರಿಟನ್ನಿನ ಜೇಮ್ಸ್ ಫ್ರೇಜರ್ 1890ರಲ್ಲಿ ‘ದಿ ಗೋಲ್ಡನ್ ಬೋ’ ಎಂಬ ದೊಡ್ಡ ಗ್ರಂಥ ಹೊರತಂದ. ಲೋಕದ ಮಾಂತ್ರಿಕ ಆಚರಣೆಗಳೆಲ್ಲ ಎರಡು ನಿಯಮಗಳ ಮೇಲೆ ನಿಂತಿವೆ ಎಂಬುದು ಅವನ ವಾದ. ಒಂದು, ಹೋಲುವುದು ಹೋಲುವುದನ್ನು ಹುಟ್ಟಿಸುತ್ತದೆ. ಇನ್ನೊಂದು, ಒಮ್ಮೆ ಸೋಕಿದ್ದು ದೂರವಾದ ಮೇಲೂ ನಂಟು ಬಿಡುವುದಿಲ್ಲ. ಬಾಚಣಿಗೆಗೆ ಸಿಕ್ಕ ಕೂದಲನ್ನೂ ಕತ್ತರಿಸಿದ ಉಗುರನ್ನೂ ಕಂಡಲ್ಲಿ ಎಸೆಯಬೇಡಿ ಎಂದು ಮನೆಯ ಹಿರಿಯರು ಹೇಳುವುದರ ಹಿಂದೆ, ಕಾಲಡಿಯ ಮಣ್ಣು ತೆಗೆದು ಮಾಟ ಮಾಡಿಸುತ್ತಾರೆ ಎಂಬ ಹೆದರಿಕೆಯ ಹಿಂದೆ ಇರುವುದು ಎರಡನೆಯ ನಿಯಮ.

ಮಲೆನಾಡಿನ ಯಾವ ಮನೆಯಲ್ಲಾದರೂ ಮಗು ಬಿಡದೆ ರಚ್ಚೆ ಹಿಡಿದ ಸಂಜೆಯನ್ನು ನೆನೆಯಿರಿ. ಅಜ್ಜಿ ಉಪ್ಪು, ಸಾಸಿವೆ, ಒಣಮೆಣಸಿನಕಾಯಿಯನ್ನು ಮುಷ್ಟಿಯಲ್ಲಿ ಹಿಡಿದು, ಮಗುವನ್ನು ಮೂಡಣ ದಿಕ್ಕಿಗೆ ಕೂರಿಸಿ, ತಲೆಯಿಂದ ಕಾಲಿನವರೆಗೆ ಮೂರು ಸಲ ನಿವಾಳಿಸುತ್ತಾಳೆ. ನೆಂಟರ ಕಣ್ಣು, ಹಾದಿಹೋಕರ ಕಣ್ಣು ಎಂದು ಗೊಣಗುತ್ತ ಎಲ್ಲವನ್ನೂ ಒಲೆಗೆ ಹಾಕುತ್ತಾಳೆ. ಉಪ್ಪು ಚಟಪಟ ಸಿಡಿಯುತ್ತದೆ. ಮೆಣಸಿನಕಾಯಿಯ ಘಾಟು ಮೂಗಿಗೆ ಬರದಿದ್ದರೆ ‘ನೋಡಿದ್ರಾ, ಎಷ್ಟು ದೃಷ್ಟಿ ಆಗಿತ್ತು’ ಎನ್ನುತ್ತಾಳೆ. ಘಾಟು ಬಂದರೆ ದೃಷ್ಟಿ ಅಷ್ಟೇನೂ ಇರಲಿಲ್ಲ, ಹೊಟ್ಟೆನೋವೇ ಇರಬೇಕು ಎಂದಾಗುತ್ತದೆ. ಘಾಟು ಬರಲಿ ಬಿಡಲಿ, ದೃಷ್ಟಿ ಎಂಬುದು ಇದೆಯೇ ಎಂಬ ಪ್ರಶ್ನೆ ಮಾತ್ರ ಏಳುವುದೇ ಇಲ್ಲ. ಮಾಂತ್ರಿಕ ನಂಬಿಕೆಯ ಗಟ್ಟಿತನದ ಗುಟ್ಟುಗಳಲ್ಲಿ ಇದೊಂದು: ಯಾವ ಫಲಿತಾಂಶ ಬಂದರೂ ಅದು ನಂಬಿಕೆಯ ಪರವೇ ಸಾಕ್ಷಿ ಹೇಳುತ್ತದೆ.

ಇದೆಲ್ಲ ಓದುಬರಹ ಇಲ್ಲದವರ ಮಾತು ಎಂದು ಫ್ರೇಜರ್ ತಿಳಿದಿದ್ದ. ಮಾಂತ್ರಿಕತೆ ಅವನ ಪಾಲಿಗೆ ದಾರಿ ತಪ್ಪಿದ ವಿಜ್ಞಾನ. ವಿದ್ಯೆ ಬಂದಂತೆ ಅದು ತಾನಾಗಿ ಕರಗಬೇಕಿತ್ತು. ಆದರೆ 1986ರಲ್ಲಿ ಅಮೆರಿಕದ ಮನೋವಿಜ್ಞಾನಿ ಪಾಲ್ ರೋಜಿನ್ ಮತ್ತು ಸಂಗಡಿಗರು ಪ್ರಕಟಿಸಿದ ಪ್ರಯೋಗವನ್ನು ನೋಡಿ. ಎರಡು ಬಾಟಲಿಗಳಿಗೆ ಒಂದೇ ಸಕ್ಕರೆಯನ್ನು ತುಂಬಿದರು. ‘ಸಕ್ಕರೆ’, ‘ಸೋಡಿಯಂ ಸಯನೈಡ್’ ಎಂಬ ಎರಡು ಚೀಟಿಗಳನ್ನು ಪ್ರಯೋಗಕ್ಕೆ ಬಂದವರ ಕೈಯಿಂದಲೇ, ಅವರಿಗೆ ಬೇಕಾದ ಬಾಟಲಿಗೆ ಅಂಟಿಸಿದರು. ಎರಡರಲ್ಲೂ ಇರುವುದು ಸಕ್ಕರೆಯೇ ಎಂದು ಕಣ್ಣಾರೆ ಕಂಡಿದ್ದರೂ ವಿಷದ ಚೀಟಿಯ ಬಾಟಲಿಯ ಸಕ್ಕರೆ ಕಲಸಿದ ನೀರು ಕುಡಿಯಲು ಜನ ಹಿಂಜರಿದರು. ಅವರು ವಿಶ್ವವಿದ್ಯಾಲಯದವರು. ಹೋಲಿಕೆ ಮತ್ತು ಸೋಂಕಿನ ನಿಯಮ ಹಳ್ಳಿಗಾಡಿನದೂ ಅಲ್ಲ, ಹಳೆಯ ಕಾಲದ್ದೂ ಅಲ್ಲ. ಮನುಷ್ಯರ ಮನಸ್ಸು ಲೋಕವನ್ನು ವಿಂಗಡಿಸಿಕೊಳ್ಳುವ ಬಗೆಯಲ್ಲೇ ಅದು ಬೇರೂರಿದೆ. ವಿದ್ಯೆ ಅದರ ಮೇಲೆ ವಿವೇಚನೆಯ ಒಂದು ಪದರ ಹಾಸುತ್ತದೆ, ಅಷ್ಟೆ.

ಗೊತ್ತಿರುವುದು ಮುಗಿದಲ್ಲಿ

ಹಾಗಾದರೆ ಅದೇ ಮನಸ್ಸು ಕೆಲವೆಡೆ ಮಾಂತ್ರಿಕತೆಗೆ ಕೈಚಾಚುವುದೇಕೆ, ಕೆಲವೆಡೆ ಅದರ ಗೊಡವೆಗೇ ಹೋಗದಿರುವುದೇಕೆ? ಪೋಲೆಂಡ್ ಮೂಲದ ಮಾನವಶಾಸ್ತ್ರಜ್ಞ ಬ್ರೋನಿಸ್ಲಾವ್ ಮಾಲಿನೋವ್‌ಸ್ಕಿ ಮೊದಲ ಮಹಾಯುದ್ಧದ ವರ್ಷಗಳಲ್ಲಿ ನ್ಯೂಗಿನಿ ಬಳಿಯ ಟ್ರೋಬ್ರಿಯಾಂಡ್ ದ್ವೀಪಗಳಲ್ಲಿ ಇದ್ದು ಕಂಡದ್ದನ್ನು 1925ರ ಪ್ರಬಂಧದಲ್ಲಿ ಬರೆದ. ಅಲ್ಲಿನ ಮೀನುಗಾರರು ದಡದೊಳಗಿನ ಶಾಂತ ನೀರಿನಲ್ಲಿ ಮೀನು ಹಿಡಿಯುವಾಗ ಮಂತ್ರ ಹಾಕುತ್ತಿರಲಿಲ್ಲ. ತೆರೆದ ಕಡಲಿಗೆ ಹೊರಟರೆ ಮಾತ್ರ ವಿಧಿಗಳ ಸಾಲೇ ಇರುತ್ತಿತ್ತು. ಒಂದು ಕಡೆ ಕೌಶಲ ಸಾಕು, ಫಲ ಖಚಿತ. ಇನ್ನೊಂದು ಕಡೆ ಎಷ್ಟೇ ಕೌಶಲವಿದ್ದರೂ ಜೀವ ಕಡಲಿನ ಕೈಯಲ್ಲಿ.

ಈ ಗೆರೆಯನ್ನು ಕಾಣಲು ಕಡಲಾಚೆ ಹೋಗಬೇಕಿಲ್ಲ, ಒಂದೇ ಕಾಫಿ ತೋಟದೊಳಗೆ ಎಳೆದು ನೋಡಬಹುದು. ಮುಂಗಾರಿಗೆ ಮುಂಚೆ ಬೋರ್ಡೊ ದ್ರಾವಣ ಹೊಡೆಯುತ್ತಾರೆ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ದ್ರಾವಣ ಹದಕ್ಕೆ ಬಂತೋ ಇಲ್ಲವೋ ನೋಡಲು ತಿಕ್ಕಿ ಹೊಳಪಿಸಿದ ಕತ್ತಿಯ ಅಲಗನ್ನು ಅದರಲ್ಲಿ ಅದ್ದುತ್ತಾರೆ. ಅಲಗಿನ ಮೇಲೆ ತಾಮ್ರದ ಕೆಂಪು ಕೂತರೆ ಇನ್ನಷ್ಟು ಸುಣ್ಣ ಬೇಕು. ಕೂರದಿದ್ದರೆ ಹದ ಸರಿ. ಈ ಕೆಲಸಕ್ಕೆ ಯಾರೂ ಹರಕೆ ಹೊರುವುದಿಲ್ಲ, ನಿಂಬೆಹಣ್ಣು ಕಟ್ಟುವುದಿಲ್ಲ. ಮರಗಸಿ, ಗೊಬ್ಬರ, ಕಳೆ ಯಾವುದಕ್ಕೂ ಇಲ್ಲ. ಅದೇ ಬೆಳೆಗಾರ ಹೂಮಳೆಯ ಮುಂದೆ ಕೈಚೆಲ್ಲಿ ನಿಲ್ಲುತ್ತಾನೆ. ವರ್ಷದ ದುಡಿಮೆಯೆಲ್ಲ ಒಂದೆರಡು ಮಳೆಯ ಮೇಲೆ ನಿಂತಿದೆ, ಆ ಮಳೆಯ ಮೇಲೆ ತನಗೆ ಯಾವ ಹಿಡಿತವೂ ಇಲ್ಲ. ಹರಕೆ ಹುಟ್ಟುವುದು ಅಲ್ಲಿ. ನೀರಿನ ಅನುಕೂಲವಿದ್ದು ಸ್ಪ್ರಿಂಕ್ಲರ್ ಹಾರಿಸಿ ರೊಬಸ್ಟಾ ಅರಳಿಸಿಕೊಳ್ಳುವವರಿಗೆ ಆಕಾಶ ನೋಡುವ ಆತಂಕ ಅಷ್ಟರಮಟ್ಟಿಗೆ ಕಡಿಮೆ.

ಯುದ್ಧಕಾಲದ ಒಂದು ಅಧ್ಯಯನವೂ ಇದನ್ನೇ ತೋರಿಸಿತು. 1991ರ ಕೊಲ್ಲಿ ಯುದ್ಧದಲ್ಲಿ ಕ್ಷಿಪಣಿಗಳ ಭಯವಿದ್ದ ಇಸ್ರೇಲಿನ ಊರುಗಳ ಜನರಲ್ಲಿ ಮಾಂತ್ರಿಕ ಚಿಂತನೆ ಆ ಭಯವಿಲ್ಲದ ಊರುಗಳ ಜನರಿಗಿಂತ ಹೆಚ್ಚಾಗಿತ್ತೆಂದು ಮನೋವಿಜ್ಞಾನಿ ಗಿಯೋರಾ ಕೈನಾನ್ 1994ರಲ್ಲಿ ವರದಿ ಮಾಡಿದರು. ತಿಳಿವಳಿಕೆಯ ಕೊರತೆಗಿಂತ ಹಿಡಿತದ ಕೊರತೆಯೇ ಮಾಂತ್ರಿಕ ನಂಬಿಕೆಗೆ ಹೆಚ್ಚು ಗೊಬ್ಬರ ಹಾಕುತ್ತದೆ.

ಕಾಗೆ ಮತ್ತು ಕೊಂಬೆ

ಹಿಡಿತವಿಲ್ಲದಾಗ ಮನಸ್ಸು ಸುಮ್ಮನೆ ಕೂರುವುದಿಲ್ಲ, ಕಾರಣ ಹುಡುಕುತ್ತದೆ. ಅಮೆರಿಕದ ಬಿ. ಎಫ್. ಸ್ಕಿನ್ನರ್ 1948ರಲ್ಲಿ ಹಸಿದ ಪಾರಿವಾಳಗಳನ್ನು ಗೂಡಿನಲ್ಲಿಟ್ಟು, ಅವು ಏನು ಮಾಡಿದರೂ ಮಾಡದಿದ್ದರೂ ಗೊತ್ತಾದ ಅವಧಿಗೊಮ್ಮೆ ಕಾಳು ಸಿಗುವಂತೆ ಮಾಡಿದ. ಕಾಳು ಬಿದ್ದ ಗಳಿಗೆಯಲ್ಲಿ ಒಂದು ಹಕ್ಕಿ ಸುತ್ತು ಹಾಕುತ್ತಿತ್ತು, ಇನ್ನೊಂದು ತಲೆ ಆಡಿಸುತ್ತಿತ್ತು. ಆಮೇಲೆ ಅವು ಅದನ್ನೇ ಮತ್ತೆ ಮತ್ತೆ ಮಾಡತೊಡಗಿದವು. ಆ ಹಕ್ಕಿಗಳ ವರ್ತನೆಯನ್ನು ಹೇಗೆ ವಿವರಿಸಬೇಕೆಂಬ ಬಗ್ಗೆ ಮುಂದೆ ಬೇರೆ ಅಭಿಪ್ರಾಯಗಳು ಬಂದರೂ ಅದು ಎತ್ತಿದ ಪ್ರಶ್ನೆ ಉಳಿದಿದೆ. ಊರ ದೇವರಿಗೆ ಪೂಜೆ ಮಾಡಿಸಿದ ನಾಲ್ಕನೆಯ ದಿನ ಮಳೆ ಬಂದರೆ ನಾವು ಏನೆಂದುಕೊಳ್ಳುತ್ತೇವೆ? ಮಾರ್ಚ್ ಏಪ್ರಿಲ್‌ನಲ್ಲಿ ಪೂಜೆ ಮಾಡಿಸಿದರೆ ಮಳೆ ಹೇಗೂ ಹತ್ತಿರದಲ್ಲೇ ಇರುತ್ತದೆ. ಬಾರದ ವರ್ಷದ ಪೂಜೆ ನೆನಪಿನಲ್ಲಿ ಉಳಿಯುವುದಿಲ್ಲ, ಬಂದ ವರ್ಷದ್ದು ಊರ ಕಥೆಯಾಗುತ್ತದೆ.

ಕಾಗೆ ಕೂತದ್ದಕ್ಕೂ ಕೊಂಬೆ ಮುರಿದದ್ದಕ್ಕೂ ಸರಿಹೋಯಿತು ಎಂಬ ಗಾದೆಮಾತಿನಲ್ಲಿ ನಮ್ಮ ಜನ ಈ ತಪ್ಪನ್ನು ಯಾವತ್ತೋ ಗುರುತಿಸಿದ್ದಾರೆ. ನ್ಯಾಯದರ್ಶನದವರು ಅದನ್ನು ಶಾಸ್ತ್ರವನ್ನಾಗಿಯೇ ಬೆಳೆಸಿದರು. ಹದಿನೇಳನೆಯ ಶತಮಾನದ ವಿಶ್ವನಾಥನ ‘ಭಾಷಾಪರಿಚ್ಛೇದ’ದಲ್ಲಿ ಅನ್ಯಥಾಸಿದ್ಧಗಳ ಚರ್ಚೆ ಬರುತ್ತದೆ. ಕಾರ್ಯಕ್ಕೆ ಮುಂಚೆ ಇದ್ದೂ ಕಾರಣವಲ್ಲದವು ಎಂದು ಅದರ ಅರ್ಥ. ಮಡಕೆ ಹುಟ್ಟಲು ಕುಂಬಾರ, ಮಣ್ಣು, ಚಕ್ರ ತಿರುಗಿಸುವ ಕೋಲು ಕಾರಣ. ಆ ಕೋಲಿನ ಬಣ್ಣ, ಕುಂಬಾರನ ಅಪ್ಪ, ಮಣ್ಣು ಹೊತ್ತು ತಂದ ಕತ್ತೆ ಇವೂ ಮಡಕೆಗೆ ಮುಂಚೆಯೇ ಇದ್ದವು, ಆದರೂ ಕಾರಣವಲ್ಲ. ಮುಂಚೆ ಇದ್ದುದೆಲ್ಲ ಕಾರಣವಲ್ಲ. ಅದಿಲ್ಲದೆ ಕಾರ್ಯ ಆಗದು ಎಂದು ತೋರಿಸಬೇಕು. ಮಾಂತ್ರಿಕ ನಂಬಿಕೆಯನ್ನು ಒರೆಗೆ ಹಚ್ಚಲು ಇದಕ್ಕಿಂತ ಹರಿತವಾದ ಸಾಧನ ಬೇಕಿಲ್ಲ, ಮತ್ತು ಅದನ್ನು ಹೊರಗಿನಿಂದ ತರಬೇಕಾಗಿಯೂ ಇಲ್ಲ.

ಆದರೂ ಮನಸ್ಸು ಸುಲಭವಾಗಿ ಜಾರುವುದಕ್ಕೆ ಇನ್ನೊಂದು ಕಾರಣವನ್ನು ಜಸ್ಟಿನ್ ಬ್ಯಾರೆಟ್ ಮೊದಲಾದ ಇಂದಿನ ಸಂಶೋಧಕರು ಸೂಚಿಸುತ್ತಾರೆ. ಮಬ್ಬುಗತ್ತಲಲ್ಲಿ ತೋಟದ ದಾರಿಯಲ್ಲಿ ನಡೆಯುವಾಗ ಬಿದಿರುಮೆಳೆ ಅಲುಗಿತು ಎನ್ನಿ. ಗಾಳಿಯನ್ನು ಆನೆ ಎಂದುಕೊಂಡು ಹಿಂದೆ ಸರಿದರೆ ಸ್ವಲ್ಪ ಹೊತ್ತು ಹಾಳು. ಆನೆಯನ್ನು ಗಾಳಿ ಎಂದುಕೊಂಡರೆ ಜೀವವೇ ಹೋದೀತು. ಹೀಗಾಗಿ ಅಲುಗಾಟದ ಹಿಂದೆಲ್ಲ ಯಾರೋ ಇದ್ದಾರೆ ಎಂದು ಊಹಿಸುವ ಮನಸ್ಸೇ ತಲೆಮಾರುಗಳಿಂದ ಉಳಿದು ಬಂದಿದೆ. ಬದುಕುಳಿಸಿದ ಈ ಎಚ್ಚರವೇ ಕಷ್ಟ ಬಂದಾಗ ದಿಕ್ಕು ಬದಲಿಸುತ್ತದೆ. ಕಾಯಿಲೆ, ಬೆಳೆನಷ್ಟ, ಸಾವು ಇವುಗಳ ಹಿಂದೆಯೂ ಅದು ‘ಯಾರು’ ಎಂದು ಕೇಳುತ್ತದೆ.

ಅವನಿಗೇ ಯಾಕೆ, ಅವತ್ತೇ ಯಾಕೆ?

ಆಲೂರು ಸಕಲೇಶಪುರದ ಮಟ್ಟಿಗೆ ಈ ಪ್ರಶ್ನೆ ಪುಸ್ತಕದ್ದಲ್ಲ. ಬೆಳಗಿನ ಮಂಜಿನಲ್ಲಿ ಕೆಲಸಕ್ಕೆ ಹೊರಟ ತೋಟದ ಕಾರ್ಮಿಕ ಆನೆಗೆ ಸಿಕ್ಕು ಸತ್ತ ಸುದ್ದಿ ಇಲ್ಲಿ ವರ್ಷ ವರ್ಷವೂ ಕೇಳಿಬರುತ್ತದೆ. ಆನೆ ಯಾಕೆ ಬರುತ್ತದೆ ಎಂಬುದು ಊರಿನಲ್ಲಿ ಎಲ್ಲರಿಗೂ ಗೊತ್ತು. ಕಾಡು ಚೂರು ಚೂರಾಗಿದೆ; ತೋಟದಲ್ಲಿ ಹಲಸು, ಬಾಳೆ, ಕೆರೆಯ ನೀರಿದೆ; ಗದ್ದೆಯಲ್ಲಿ ಭತ್ತವಿದೆ. ಹೈಕೋರ್ಟ್ ನಿರ್ದೇಶನದಂತೆ ರಚನೆಯಾದ ಕರ್ನಾಟಕ ಆನೆ ಕಾರ್ಯಪಡೆ 2012ರ ವರದಿಯಲ್ಲಿ ಆಲೂರು ಭಾಗದ ಆನೆಗಳನ್ನು ಹಿಡಿದು ಸಾಗಿಸಲು ಶಿಫಾರಸು ಮಾಡಿತು. ಹಿಡಿದು ಸಾಗಿಸಿದ ಮೇಲೂ ಬೇರೆ ಆನೆಗಳು ಬಂದು ಸೇರಿದವು. ಆದರೆ ಸತ್ತವನ ಮನೆಯವರು ಕೇಳುವುದು ಇದನ್ನಲ್ಲ. ದಿನಾ ಅದೇ ದಾರಿಯಲ್ಲಿ ಎಷ್ಟೋ ಜನ ಓಡಾಡುತ್ತಾರೆ. ಅವನಿಗೇ ಯಾಕೆ, ಅವತ್ತೇ ಯಾಕೆ?

ಬ್ರಿಟಿಷ್ ಮಾನವಶಾಸ್ತ್ರಜ್ಞ ಇವಾನ್ಸ್-ಪ್ರಿಚರ್ಡ್ 1937ರಲ್ಲಿ ಅಂದಿನ ಸುಡಾನಿನ ಅಜಾಂಡೆ ಜನರ ಬಗ್ಗೆ ಬರೆದ ಪುಸ್ತಕದ ತಿರುಳು ಇದೇ. ಅವರಲ್ಲಿ ಬಿಸಿಲಿಗೆ ಕಣಜದ ನೆರಳಿನಲ್ಲಿ ಕೂರುವುದು ರೂಢಿ. ಕಣಜ ಕುಸಿದು ಕೂತವರಿಗೆ ಪೆಟ್ಟಾದರೆ, ಕಂಬವನ್ನು ಗೆದ್ದಲು ತಿಂದಿತ್ತು ಎಂಬುದು ಅವರಿಗೂ ಗೊತ್ತು. ಆದರೆ ಇವರೇ ಕೂತಿದ್ದಾಗ, ಆ ಗಳಿಗೆಯಲ್ಲೇ ಯಾಕೆ ಕುಸಿಯಿತು ಎಂಬುದಕ್ಕೆ ಗೆದ್ದಲು ಉತ್ತರವಾಗದು. ಅದಕ್ಕೆ ಅವರು ಮಾಟವೆಂದು ಉತ್ತರ ಕೊಟ್ಟುಕೊಂಡರು. ವಿಜ್ಞಾನ ‘ಹೇಗೆ’ ಎಂಬುದನ್ನು ಹೇಳಿ ನಿಲ್ಲುತ್ತದೆ. ಎರಡು ಕಾರಣಸರಣಿಗಳು ಒಂದೆಡೆ ಕೂಡಿದ್ದು ಬರೀ ಆಕಸ್ಮಿಕ ಎನ್ನುತ್ತದೆ. ಆ ಮಾತು ನಿಜ. ಆದರೆ ದುಃಖದಲ್ಲಿರುವವರಿಗೆ ‘ಆಕಸ್ಮಿಕ’ ಎಂಬ ಮಾತಿನಲ್ಲಿ ಹಿಡಿದುಕೊಳ್ಳಲು ಏನೂ ಇಲ್ಲ. ಗ್ರಹಚಾರ, ಹಣೆಬರಹ, ತೀರಿಸದ ಹರಕೆ, ಯಾರದೋ ಕಣ್ಣು ಇವೆಲ್ಲ ಆ ಖಾಲಿ ಜಾಗ ತುಂಬಲು ಬರುವ ಉತ್ತರಗಳು. ಕಣಿ ಕೇಳುವವರು, ದೇವರ ಮುಂದೆ ಪ್ರಸಾದ ಕೇಳುವವರು ಕೇಳುತ್ತಿರುವುದು ಇದನ್ನೇ.

ಮನಸ್ಸು ಮಾತಾಡುವ ಬಗೆ

ಎಲ್ಲ ಆಚರಣೆಯೂ ಕಾರಣ ಹುಡುಕುವ ಆಚರಣೆಯಲ್ಲ. ತತ್ತ್ವಜ್ಞಾನಿ ಲುಡ್ವಿಗ್ ವಿಟ್‌ಗನ್‌ಸ್ಟೈನ್ 1931ರಲ್ಲಿ ಫ್ರೇಜರನ ಪುಸ್ತಕ ಓದುತ್ತ ಬರೆದಿಟ್ಟ ಟಿಪ್ಪಣಿಗಳು ಅವನು ತೀರಿಕೊಂಡ ಮೇಲೆ, 1967ರಲ್ಲಿ ಪ್ರಕಟವಾದವು. ಪ್ರೀತಿಸಿದವರ ಚಿತ್ರಕ್ಕೆ ಮುತ್ತಿಡುವವರು ಅದರಿಂದ ಚಿತ್ರದಲ್ಲಿರುವವರಿಗೆ ಏನೋ ಆಗುತ್ತದೆಂದು ನಂಬಿ ಹಾಗೆ ಮಾಡುವುದಿಲ್ಲ ಎಂದು ಅವನು ಗಮನ ಸೆಳೆದ. ಅಲ್ಲಿ ಸಿದ್ಧಾಂತವಿಲ್ಲ, ಗುರಿಯಿಲ್ಲ. ಮನಸ್ಸು ತನ್ನನ್ನು ತೋಡಿಕೊಂಡು ಹಗುರಾಗುವುದಷ್ಟೇ ಇದೆ. ಇಂಥದ್ದನ್ನು ತಪ್ಪು ವಿಜ್ಞಾನವೆಂದು ಅಳೆಯುವುದೇ ತಪ್ಪು.

2023ರ ಡಿಸೆಂಬರ್ 4ರಂದು ಸಕಲೇಶಪುರ ತಾಲ್ಲೂಕಿನ ಯಸಳೂರು ವಲಯದಲ್ಲಿ ಕಾಡಾನೆ ಸೆರೆ ಕಾರ್ಯಾಚರಣೆಯ ವೇಳೆ ಕಾಡಾನೆಯೊಂದಿಗೆ ಸೆಣಸಿ ಸಾಕಾನೆ ಅರ್ಜುನ ಸತ್ತ. 2012ರಿಂದ 2019ರವರೆಗೆ ಎಂಟು ಬಾರಿ ಮೈಸೂರು ದಸರೆಯ ಅಂಬಾರಿ ಹೊತ್ತ ಆನೆ ಅದು. ಅಲ್ಲೇ ಮಣ್ಣು ಮಾಡಿದರು. ಮಾವುತನ ಗೋಳಾಟವನ್ನು ನಾಡೇ ಕಂಡಿತು. ಮುಂದೆ ಆ ಸಮಾಧಿಗೆ ಜನ ಹೂವಿಟ್ಟು ಕೈಮುಗಿದರು. ಆನೆಗಳಿಂದ ಬೆಳೆ, ಜೀವ ಕಳೆದುಕೊಂಡ ಸೀಮೆಯೇ ಒಂದು ಆನೆಗಾಗಿ ಅತ್ತಿತು. ಆ ಹೂವಿನಿಂದ ಏನೋ ಆಗುತ್ತದೆ ಎಂಬ ಲೆಕ್ಕ ಅಲ್ಲಿರಲಿಲ್ಲ. ಹೇಳಲು ಮಾತು ಸಾಲದಾದಾಗ ಕೈ ತಾನಾಗಿ ಮುಗಿಯುತ್ತದೆ. ಮಗುವಿಗೆ ದೃಷ್ಟಿ ತೆಗೆಯುವ ಅಜ್ಜಿಯ ಕೈಯಲ್ಲೂ ಇದರ ಪಾಲಿದೆ. ಮಗುವಿನ ನೋವನ್ನು ನೋಡಿ ಸುಮ್ಮನಿರಲಾರದ ಅಕ್ಕರೆಗೆ ಅದೊಂದು ರೂಪ.

ಬೆರಳು ಯಾರತ್ತ ತೋರುತ್ತದೆ

ಇಲ್ಲಿಯವರೆಗೆ ಬಂದು ನಿಂತರೆ ಎಲ್ಲವೂ ಒಳ್ಳೆಯದೆಂದು ತೋರೀತು. ಹಾಗಲ್ಲ. ಮಾಂತ್ರಿಕ ನಂಬಿಕೆ ಎರಡು ಕೆಲಸ ಮಾಡುತ್ತದೆ. ಒಂದು, ಮನಸ್ಸಿನ ಭಯ, ಆಸೆ, ದುಃಖಗಳಿಗೆ ರೂಪ ಕೊಡುತ್ತದೆ. ಇನ್ನೊಂದು, ಕಾರಣ ಹೇಳುತ್ತದೆ, ಮದ್ದು ಕೊಡುತ್ತೇನೆ ಎನ್ನುತ್ತದೆ. ಅಪಾಯವಿರುವುದು ಎರಡನೆಯದರಲ್ಲಿ.

ಹಾವು ಕಡಿತವನ್ನೇ ತೆಗೆದುಕೊಳ್ಳಿ. ತೋಟದ ತರಗೆಲೆಯಲ್ಲಿ ಕೈಯಾಡಿಸುವವರಿಗೆ ಇದು ನಿತ್ಯದ ಭಯ. ಮಂತ್ರ ಹಾಕಿಸಿದವರಲ್ಲಿ ಎಷ್ಟೋ ಜನ ಬದುಕುತ್ತಾರೆ, ನಿಜ. ಕಡಿಯುವ ಹಾವುಗಳಲ್ಲಿ ಬಹಳಷ್ಟು ವಿಷವಿಲ್ಲದವು. ನಾಗರಹಾವೋ ಕೊಳಕುಮಂಡಲವೋ ಕಚ್ಚಿದರೂ ಕೆಲವು ಸಲ ವಿಷ ಇಳಿಸಿರುವುದಿಲ್ಲ. ಇವರೆಲ್ಲ ಏನೂ ಮಾಡದಿದ್ದರೂ ಉಳಿಯುತ್ತಿದ್ದರು. ಮಂತ್ರ ಇಲ್ಲಿ ಮಣ್ಣು ಹೊತ್ತ ಕತ್ತೆ. ವಿಷ ಏರಿದವರಿಗೆ ಬೇಕಾದದ್ದು ಪ್ರತಿವಿಷ, ಅದೂ ಬೇಗ. ಅವರು ಸತ್ತರೆ ‘ತಡವಾಗಿ ಕರೆತಂದಿರಿ, ಪಥ್ಯ ಮುರಿದಿರಿ’ ಎಂಬ ಮಾತು ಸಿದ್ಧವಿರುತ್ತದೆ. ಘಾಟು ಬಂದರೂ ಬಾರದಿದ್ದರೂ ಸರಿಯೆನ್ನುವ ಅದೇ ತರ್ಕ ಇಲ್ಲಿ ಜೀವ ತೆಗೆಯುತ್ತದೆ.

ಇನ್ನೊಂದು ಅಪಾಯ ಇದಕ್ಕಿಂತ ಆಳವಾದದ್ದು. ‘ಯಾರು’ ಎಂದು ಕೇಳುವ ಮನಸ್ಸಿಗೆ ‘ಇಂಥವರು’ ಎಂದು ಹೇಳುವವರು ಸಿಕ್ಕೇ ಸಿಗುತ್ತಾರೆ. ಮೊದಲೇ ಮನಸ್ತಾಪವಿದ್ದ ಓರಗಿತ್ತಿ, ಗಡಿ ತಕರಾರಿನ ದಾಯಾದಿ, ಊರಂಚಿನಲ್ಲಿ ಒಂಟಿಯಾಗಿರುವ ಮುದುಕಿ ಇಂಥವರ ಮೇಲೆ ಅಪವಾದ ಬೀಳುತ್ತದೆ. ಮಾಟ ಇಲ್ಲದಿರಬಹುದು, ಅಪವಾದದ ಪೆಟ್ಟು ಮಾತ್ರ ನಿಜ. ಅಜಾಂಡೆಯರಲ್ಲೂ ಮಾಟದ ಶಂಕೆ ಹೋಗುತ್ತಿದ್ದುದು ಹಗೆ, ಹೊಟ್ಟೆಕಿಚ್ಚು ಇದ್ದ ನೆರೆಹೊರೆಯವರ ಕಡೆಗೇ.

ಕರ್ನಾಟಕದ ಕಾನೂನು ಎಳೆದಿರುವ ಗೆರೆ ಹೆಚ್ಚುಕಡಿಮೆ ಇಲ್ಲೇ ಹಾಯುತ್ತದೆ. ಅಮಾನವೀಯ ದುಷ್ಟ ಪದ್ಧತಿಗಳನ್ನೂ ವಾಮಾಚಾರವನ್ನೂ ತಡೆಯುವ ಕಾಯ್ದೆ 2017ರಲ್ಲಿ ಅಂಗೀಕಾರವಾಗಿ 2020ರಲ್ಲಿ ಜಾರಿಗೆ ಬಂತು. ದೆವ್ವ ಬಿಡಿಸುವ ನೆಪದಲ್ಲಿ ಹೊಡೆಯುವುದು, ಹಾವು ಚೇಳು ಕಡಿದವರನ್ನು ಆಸ್ಪತ್ರೆಗೆ ಹೋಗದಂತೆ ತಡೆದು ಮಂತ್ರ ಹಾಕುವುದು ಅದರಡಿ ಅಪರಾಧ. ಮನೆಯ ಪೂಜೆಗೆ, ಯಾತ್ರೆಗೆ ಅದು ಅಡ್ಡ ಬರುವುದಿಲ್ಲ. ಅದಕ್ಕೂ ಎಷ್ಟೋ ಮೊದಲು, 1976ರಲ್ಲಿ, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಎಚ್. ನರಸಿಂಹಯ್ಯನವರು ಪವಾಡಗಳ ವೈಜ್ಞಾನಿಕ ಪರಿಶೀಲನೆಗೆ ಸಮಿತಿ ರಚಿಸಿದ್ದರು. ಪರೀಕ್ಷೆಗೆ ಒಡ್ಡದ ಹೇಳಿಕೆಯನ್ನು ನಿಜವೆಂದು ಒಪ್ಪಬೇಕಾಗಿಲ್ಲ ಎಂಬ ಆ ನಿಲುವು ಇಂದಿಗೂ ಸರಿ.

ಆದ್ದರಿಂದ ಒಂದು ನಂಬಿಕೆ ಎದುರಾದಾಗ ‘ಇದು ಮೌಢ್ಯವೋ ಅಲ್ಲವೋ’ ಎನ್ನುವುದಕ್ಕಿಂತ ಮೂರು ಪ್ರಶ್ನೆ ಕೇಳುವುದು ಮೇಲು. ಇದು ನನ್ನ ಭಯಕ್ಕೆ ಸಮಾಧಾನ ಹೇಳುತ್ತಿದೆಯೋ, ಮಾಡಬೇಕಾದ ಕೆಲಸವನ್ನೇ ನಿಲ್ಲಿಸುತ್ತಿದೆಯೋ? ಇದು ಸುಳ್ಳಾಗುವ ಸಂದರ್ಭ ಯಾವುದಾದರೂ ಉಂಟೋ? ಇದರಿಂದ ಬೆರಳು ಇನ್ನೊಬ್ಬ ಮನುಷ್ಯನತ್ತ ತಿರುಗುತ್ತಿದೆಯೋ? ಹರಕೆ ಹೊತ್ತೂ ಮಳೆ ಲೆಕ್ಕ ಬರೆಯುವ ಬೆಳೆಗಾರ ಮೊದಲ ಪ್ರಶ್ನೆಯಲ್ಲಿ ಪಾಸಾಗುತ್ತಾನೆ. ಹಾವು ಕಡಿದವರನ್ನು ಮಂತ್ರದವರ ಮನೆಯಲ್ಲಿ ಕೂರಿಸಿಕೊಂಡವರು ಮೊದಲೆರಡರಲ್ಲೂ ಸೋಲುತ್ತಾರೆ. ಮಾಟ ಮಾಡಿಸಿದಳೆಂದು ನೆರೆಮನೆಯವಳನ್ನು ದೂರುವವರು ಮೂರರಲ್ಲೂ ಸೋಲುತ್ತಾರೆ.

ಮಾಲಿನೋವ್‌ಸ್ಕಿಯ ಮಾತು ನಿಜವಾದರೆ ಅದರಿಂದ ಒಂದು ಹೊಣೆಯೂ ಹುಟ್ಟುತ್ತದೆ. ಹಿಡಿತವಿಲ್ಲದ ಬದುಕು ಮಾಂತ್ರಿಕತೆಯನ್ನು ಬೆಳೆಸುವುದಾದರೆ, ಗೇಲಿ ಮಾಡಿ ಅದನ್ನು ಹೋಗಲಾಡಿಸಲಾಗದು. ಆನೆಗಳ ಗುಂಪು ಇಂಥ ತೋಟದಲ್ಲಿದೆ ಎಂಬ ಅರಣ್ಯ ಇಲಾಖೆಯ ಸಂದೇಶ ಕೆಲಸಕ್ಕೆ ಹೊರಡುವ ಮುಂಚೆ ಕಾರ್ಮಿಕರ ಮೊಬೈಲಿಗೆ ಮುಟ್ಟಬೇಕು. ಪ್ರತಿವಿಷ ಹತ್ತಿರದ ಆಸ್ಪತ್ರೆಯಲ್ಲಿರಬೇಕು, ಅಲ್ಲಿಗೆ ರಾತ್ರಿಯೂ ವಾಹನ ಸಿಗಬೇಕು. ತಾಯಿತ ಕಟ್ಟಿಕೊಂಡ ಕೂಲಿಯವನನ್ನು ನೋಡಿ ನಗುವವರು, ಅವನಿಗೆ ತಾಯಿತವಲ್ಲದೆ ಬೇರೆ ಯಾವ ರಕ್ಷಣೆಯನ್ನು ನಾವು ಕೊಟ್ಟಿದ್ದೇವೆ ಎಂದು ಮೊದಲು ಕೇಳಿಕೊಳ್ಳಬೇಕು. ಆಮೇಲೂ ಆಕಸ್ಮಿಕ ಉಳಿದೇ ಉಳಿಯುತ್ತದೆ, ದುಃಖವೂ ಉಳಿಯುತ್ತದೆ, ಅದಕ್ಕಾಗಿ ಕೈಮುಗಿಯುವ ಮನಸ್ಸೂ ಇರುತ್ತದೆ. ಆ ಮನಸ್ಸಿನೊಂದಿಗೆ ನಮಗೆ ಜಗಳವಿಲ್ಲ. ದುಃಖಕ್ಕೆ ಅಪರಾಧಿಯೊಬ್ಬನನ್ನು ಹುಡುಕಲು ಹೊರಡುವ ಗಳಿಗೆಯಲ್ಲಿ ಮಾತ್ರ ಅದನ್ನು ತಡೆದು ನಿಲ್ಲಿಸಬೇಕು. ಕಾರಣ ಯಾವುದು, ಕಾಗೆ ಯಾವುದು ಎಂದು ಬೇರ್ಪಡಿಸುವ ತತ್ತ್ವವಿಚಾರ ಬದುಕಿಗೆ ಉಪಯೋಗಕ್ಕೆ ಬರುವುದು ಆ ಗಳಿಗೆಯಲ್ಲೇ.